ಮೂಲೆ ಬೂದಿ, ಮೇಜಿನ ಬೂದಿ

ಆ ಮನೆಯಲ್ಲಿ ಅಳಿಯನಿಗೆ ಮರ್ಯಾದೆ ಸಿಕ್ಕಿದ್ದು ಮದುವೆಯಾದ ದಿನವಲ್ಲ. ಮದುವೆಯಾಗಿ ಮೂರು ವರ್ಷದ ಮೇಲೆ, ಮಾವನ ಅಂಗಡಿಯಲ್ಲಿ ಹೊಸ ಸ್ವಿಚ್ ಒತ್ತಿದ ದಿನ.

ಅದಕ್ಕೆ ಮುಂಚೆ ಅವನು ಆ ಮನೆಗೆ ಬಂದರೂ ಒಂದೇ, ಬರದಿದ್ದರೂ ಒಂದೇ ಎಂಬಂತಿದ್ದ. ಕನ್ನಡಕದ ಅಂಗಡಿಯಲ್ಲಿ ಅವನ ಕೆಲಸ. ಬೆಳಗಿನಿಂದ ಸಂಜೆಯವರೆಗೆ ಕಂಡವರ ಮೂಗಿನ ಮೇಲೆ ಕನ್ನಡಕ ಏರಿಸಿ, ಎರಡು ಹೆಜ್ಜೆ ಹಿಂದೆ ಸರಿದು, "ನಿಮಗಂತಲೇ ಮಾಡಿದ ಹಾಗಿದೆ ಸಾರ್" ಎನ್ನುವುದು. ಮಾವನದು ಪುಸ್ತಕ ಬೈಂಡಿಂಗ್ ಅಂಗಡಿ. ಕೈಯಲ್ಲಿ ಒಂದು ಕೆಲಸ ಬಾರದ ಗಂಡಸನ್ನು ಕಂಡರೆ ಅವರಿಗೆ ಹೊಲಿಗೆ ಬಿಚ್ಚಿಹೋದ ಪುಸ್ತಕ ಕಂಡ ಹಾಗೆ ಆಗುತ್ತಿತ್ತು. "ನಮ್ಮ ಅಳಿಯಂದ್ರು ಒಳ್ಳೆಯವರೇ. ಹಾಳೆ ಚೆನ್ನಾಗಿದೆ. ರಟ್ಟು ಹಾಕೋದೊಂದು ಮರೆತುಬಿಟ್ಟಿದ್ದಾರೆ" ಎಂದು ಪಕ್ಕದ ಅಂಗಡಿಯ ದರ್ಜಿಯ ಹತ್ತಿರ ಹೇಳುತ್ತಿದ್ದರು. ಮೆಲ್ಲಗೇ ಹೇಳುತ್ತಿದ್ದರು. ಆದರೆ ರಟ್ಟು ಕತ್ತರಿಸುವ ಯಂತ್ರದ ಸದ್ದಿನ ನಡುವೆ ಮೆಲ್ಲಗೆ ಹೇಳುವುದು ಹೇಗೆಂದು ಅವರಿಗೆ ತಿಳಿಯದೆ, ಇಡೀ ಬೀದಿಗೆ ಕೇಳಿಸುತ್ತಿತ್ತು.

ಒಂದು ಸಲ ಅಂಗಡಿಯ ಹಳೆಯ ವೈರಿಂಗ್ ಪೂರಾ ಬದಲಾಯಿಸಬೇಕು ಎಂಬ ಮಾತು ಊಟದ ಹೊತ್ತಿನಲ್ಲಿ ಬಂತು. ಯಾರನ್ನು ಕರೆಯೋಣ ಎಂದು ಮಾವ ಕೇಳಿದರು. ಅಳಿಯನ ಬಾಯಿಂದ, ಅವನನ್ನು ಒಂದು ಮಾತೂ ಕೇಳದೆ, "ಯಾರನ್ಯಾಕೆ ಕರೀಬೇಕು ಮಾವ, ನಾನಿಲ್ವಾ?" ಎಂಬ ಮಾತು ಹೊರಬಿತ್ತು. ಮನೆಯಲ್ಲಿ ಬಲ್ಬು ಬದಲಾಯಿಸುವಾಗ ಕಣ್ಣು ಮುಚ್ಚಿಕೊಂಡು, ಹಲ್ಲು ಕಚ್ಚಿಕೊಂಡು, ಹೆಂಡತಿಯ ಕೈಯಲ್ಲಿ ಸ್ಟೂಲು ಹಿಡಿಸಿಕೊಳ್ಳುವವನು ಅವನು. ಆದರೆ ಹೆಂಡತಿ ಅವನತ್ತ ನೋಡಿದ ನೋಟದಲ್ಲಿ ಎಂಥದೋ ಒಂದು ಹೊಳಪಿತ್ತು. ಹೇಳಿದ ಮಾತನ್ನು ವಾಪಸು ತೆಗೆದುಕೊಳ್ಳಲು ಅವನಿಂದ ಆಗಲಿಲ್ಲ.

ಮುಂದಿನ ವಾರ ಮನೆಯವರೆಲ್ಲ ಸಂಬಂಧಿಕರ ಮದುವೆಗೆಂದು ಬೇರೆ ಊರಿಗೆ ಹೋದರು. ಅವರ ಬಸ್ಸು ತಿರುವು ದಾಟುತ್ತಿದ್ದಂತೆ ಅಳಿಯ ಓಡಿಹೋಗಿ ಒಬ್ಬ ಎಲೆಕ್ಟ್ರಿಷಿಯನ್ನನ್ನು ಕರೆತಂದ. ದಪ್ಪ ಮೀಸೆಯ ಆ ಮನುಷ್ಯನ ಹೆಸರು ಕೇಳಬೇಕೆಂದೂ ಅವನಿಗೆ ಹೊಳೆಯಲಿಲ್ಲ. ಎರಡು ದಿನದಲ್ಲಿ ಮೀಸೆಯವನು ಕೆಲಸ ಮುಗಿಸಿ ಹೋದ. ಮೂರನೆಯ ದಿನ ಎಲ್ಲರೂ ಬಂದಾಗ ಅಂಗಡಿ ಝಗಝಗ ಎನ್ನುತ್ತಿತ್ತು. ಅಳಿಯ ಜೇಬಿನಲ್ಲಿ ಒಂದು ಟೆಸ್ಟರ್ ಸಿಕ್ಕಿಸಿಕೊಂಡು ಬೋರ್ಡಿನ ಕೆಳಗೆ ನಿಂತಿದ್ದ.

ಅವನು ಸುಳ್ಳು ಹೇಳಿದ ಎನ್ನುವಂತಿಲ್ಲ. "ನೀವೇ ಮಾಡಿದ್ದಾ?" ಎಂದು ಅತ್ತೆ ಕೇಳಿದಾಗ ಅವನು ನಾಚಿಕೊಂಡು ನೆಲ ನೋಡಿದ, ಅಷ್ಟೇ. ಉಳಿದದ್ದನ್ನು ನಾಚಿಕೆಯೇ ನೋಡಿಕೊಂಡಿತು.

ಅಂದಿನಿಂದ ಮಾವನ ಬಾಯಲ್ಲಿ "ನಮ್ಮ ಅಳಿಯಂದ್ರು ಅರ್ಧ ಇಂಜಿನಿಯರು". ಬೀದಿಯವರಿಗೂ ಅವನು ಅರ್ಧ ಇಂಜಿನಿಯರೇ ಆದ. ದರ್ಜಿ ತನ್ನ ಇಸ್ತ್ರಿಪೆಟ್ಟಿಗೆ ತಂದು ತೋರಿಸಿದರೆ, ಅಳಿಯ ಅದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, "ವೋಲ್ಟೇಜು" ಎನ್ನುತ್ತಿದ್ದ. ಮರುದಿನ ಅದು ತಾನಾಗಿಯೇ ಸರಿಹೋಗುತ್ತಿತ್ತು. ಅದೃಷ್ಟ ಎನ್ನುವುದು ಹೀಗೆ ಎರಡು ವರ್ಷ ಒಬ್ಬನ ಹಿಂದೆ ಬಿದ್ದರೆ, ಯಾರಾದರೂ ಅದನ್ನೇ ಬುದ್ಧಿ ಎಂದುಕೊಳ್ಳುತ್ತಾರೆ.

ಹೀಗಿರುವಾಗ ಒಂದು ಮಧ್ಯಾಹ್ನ, ಮಾವ ಬಾಗಿಲು ಎಳೆದುಕೊಂಡು ಊಟಕ್ಕೆ ಹೋಗಿದ್ದ ಹೊತ್ತಿನಲ್ಲಿ, ಅಂಗಡಿಗೆ ಬೆಂಕಿ ಬಿತ್ತು.

ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ. ದರ್ಜಿ ಹೊಗೆ ಕಂಡು ಕೂಗಿದ, ಬೀದಿಯವರು ಮರಳು ಎರಚಿದರು, ಅಗ್ನಿಶಾಮಕದವರು ಬರುವಷ್ಟರಲ್ಲಿ ಬೆಂಕಿಗೇ ಬೇಜಾರಾಗಿತ್ತು. ಒಂದು ಮೇಜು, ಎರಡು ರಾಶಿ ಕಾಗದ, ಅರ್ಧ ಗೋಡೆ ಹೋಯಿತು. ಹೊಗೆ ಇನ್ನೂ ಆರಿರಲಿಲ್ಲ, ದರ್ಜಿ ಅಳತೆಯ ಟೇಪನ್ನು ಕೊರಳಿಗೆ ಹಾಕಿಕೊಂಡು ತೀರ್ಪು ಕೊಟ್ಟೇಬಿಟ್ಟ.

"ಶಾರ್ಟ್ ಸರ್ಕ್ಯೂಟು. ನೂರಕ್ಕೆ ನೂರು. ನಾನು ಎಷ್ಟು ನೋಡಿಲ್ಲ!"

ಎಷ್ಟು ನೋಡಿದ್ದನೆಂದು ಯಾರೂ ಕೇಳಲಿಲ್ಲ. ಶಾರ್ಟ್ ಸರ್ಕ್ಯೂಟು ಎಂದರೆ ವೈರಿಂಗು, ವೈರಿಂಗು ಎಂದರೆ ಅಳಿಯ. ಅಷ್ಟೂ ಜನರ ಕಣ್ಣು ನಿಧಾನವಾಗಿ ಅವನ ಜೇಬಿನ ಟೆಸ್ಟರಿನ ಮೇಲೆ ಬಂದು ನಿಂತಿತು. ಅವನು ಅದರ ಮೇಲೆ ಕೈ ಮುಚ್ಚಿಕೊಂಡ.

ವಿದ್ಯುತ್ ಕಚೇರಿಯವನು ಬಂದು ಅಂಗಡಿಯ ಕರೆಂಟು ಕತ್ತರಿಸಿದ. "ಮೂರನೇ ದಿನ ತನಿಖೆಗೆ ಮೇಡಂ ಬರ್ತಾರೆ. ಅಲ್ಲೀವರೆಗೆ ಏನೂ ಮುಟ್ಬೇಡಿ. ಅವರ ವರದಿ ಬರದೆ ಕರೆಂಟಿಲ್ಲ. ವೈರಿಂಗ್ ಮಾಡಿದವರು ಕಡ್ಡಾಯವಾಗಿ ಇರಬೇಕು" ಎಂದ.

ಮಾವ ಬಹಳ ಸಂಯಮದ ಮನುಷ್ಯ. "ನಾನೇನೂ ಹೇಳಲ್ಲ ಅಳಿಯಂದ್ರೆ" ಎಂದು ಶುರುಮಾಡಿ, ಸಂಜೆಯವರೆಗೆ ಅದನ್ನೇ ಹೇಳಿದರು. "ಮೂವತ್ತು ವರ್ಷದ ಅಂಗಡಿ. ಹಳೇ ವೈರು ಹಳೇದಾಗಿತ್ತು ನಿಜ, ಆದ್ರೆ ಒಂದು ದಿನವೂ ಕಿಡಿ ಕಾರಿರಲಿಲ್ಲ. ನಾನೇನೂ ಹೇಳ್ತಿಲ್ಲ."

ಸಂಜೆಗೆ ಷಡ್ಡಕ ಬಂದ, ಅಂದರೆ ಹೆಂಡತಿಯ ಅಕ್ಕನ ಗಂಡ. ಅವನು ಕೋರ್ಟಿನಲ್ಲಿ ಟೈಪಿಸ್ಟ್. ಇಪ್ಪತ್ತು ವರ್ಷ ತೀರ್ಪುಗಳನ್ನು ಟೈಪು ಮಾಡಿ ಮಾಡಿ, ಈಗ ಅವು ತನ್ನ ತಲೆಯಿಂದಲೇ ಹುಟ್ಟುತ್ತವೆ ಎಂಬ ನಂಬಿಕೆ ಅವನಿಗೆ ಬಂದಿತ್ತು.

"ಲೈಸೆನ್ಸ್ ಇದೆಯೇನಯ್ಯ ನಿನಗೆ?"

"ಯಾವ ಲೈಸೆನ್ಸು?"

"ಸರಿಹೋಯ್ತು" ಎಂದು ಷಡ್ಡಕ ಅತ್ತೆಯ ಕಡೆ ತಿರುಗಿದ. "ಲೈಸೆನ್ಸ್ ಇಲ್ದೆ ವೈರಿಂಗ್ ಮಾಡಿ, ಅದರಿಂದ ಬೆಂಕಿ ಬಿದ್ರೆ ಅದು ಸಾಮಾನ್ಯ ಕೇಸಲ್ಲ. ಒಳಗೆ ಹಾಕಿದ್ರೂ ಹಾಕಿದ್ರೇ. ಇರಲಿ, ನಾನು ಹೆದರಿಸ್ತಿಲ್ಲ. ಒಂದು ಬೆಚ್ಚನೆ ಹೊದಿಕೆ ತೆಗೆದಿಟ್ಟಿರಿ, ಅಲ್ಲಿ ಚಳಿ."

ಅತ್ತೆ ಎದ್ದು ನಿಜವಾಗಿಯೂ ಹೊದಿಕೆ ತೆಗೆದಿಟ್ಟರು. ಜೊತೆಗೆ ಎರಡು ಟವೆಲು, ಒಂದು ಸೋಪು. ಆ ಸೋಪನ್ನು ಕಂಡಮೇಲೆ ಅಳಿಯನ ಧೈರ್ಯವೆಲ್ಲ ಇಳಿದುಹೋಯಿತು. ಅವನು ಎಲ್ಲರ ನಡುವೆ ನಿಂತು, ಎರಡು ವರ್ಷದಿಂದ ಗಂಟಲಲ್ಲಿ ಸಿಕ್ಕಿಕೊಂಡಿದ್ದನ್ನು ಹೊರಹಾಕಿದ.

"ಆ ವೈರಿಂಗು ನಾನು ಮಾಡಿದ್ದಲ್ಲ."

ಮಾವ, "ನೋಡಿದ್ರಾ?" ಎಂದು ಷಡ್ಡಕನನ್ನು ಕೇಳಿದರು. "ದೀಪ ಉರಿಯೋವಾಗ ಇವರು ಮಾಡಿದ್ದು. ಅಂಗಡಿ ಉರಿದಾಗ ಬೇರೆ ಯಾರೋ ಮಾಡಿದ್ದು."

"ನಿಜ ಮಾವ, ಒಬ್ಬ ಎಲೆಕ್ಟ್ರಿಷಿಯನ್ ಕರೆಸಿದ್ದೆ."

"ಹೆಸರು?"

"ಗೊತ್ತಿಲ್ಲ."

"ಎಲ್ಲಿಯವನು?"

"ಗೊತ್ತಿಲ್ಲ. ಮೀಸೆ ಇತ್ತು."

"ಮೀಸೆ ಇತ್ತು" ಎಂದು ಷಡ್ಡಕ ನಿಧಾನವಾಗಿ, ಟೈಪು ಮಾಡುವವನ ಹಾಗೆ ಹೇಳಿದ. "ಇದನ್ನ ಮೇಡಂ ಮುಂದೆ ಮಾತ್ರ ಹೇಳ್ಬೇಡ. ಹೊದಿಕೆ ಎರಡು ಬೇಕಾಗುತ್ತೆ."

ಮರುದಿನ ಅಳಿಯ ರಜೆ ಹಾಕಿ ಮೀಸೆಯನ್ನು ಹುಡುಕಿಕೊಂಡು ಹೊರಟ. ವೈರು, ಸ್ವಿಚ್ಚು ಮಾರುವ ಅಂಗಡಿಯವನು, "ಓ ಅವನಾ? ಊರು ಬಿಟ್ಟು ವರ್ಷ ಆಯ್ತು. ಅವನ ಹಳೇ ನಂಬರಿಗೆ ಮಾಡಿದ್ರೆ ಈಗ ಯಾರೋ ಹೆಂಗಸು ಎತ್ತಿ ಬಯ್ತಾರೆ" ಎಂದ. ಅಳಿಯ ಆದರೂ ಮಾಡಿದ. ಆ ಹೆಂಗಸು ಎತ್ತಿ ಬಯ್ದರು.

ಸೋತು ಮನೆಗೆ ಬಂದರೆ ಹೆಂಡತಿ ಬಟ್ಟೆ ಮಡಿಸುತ್ತಿದ್ದಳು. ಅವನತ್ತ ನೋಡಲಿಲ್ಲ.

"ರೀ, ಬೆಂಕಿ ಬಿದ್ದಿದ್ದಕ್ಕೆ ನನಗೆ ಬೇಜಾರಿಲ್ಲ" ಎಂದಳು. "ಯಾರ ಕೈಯಿಂದಾದ್ರೂ ತಪ್ಪಾಗುತ್ತೆ. ತಪ್ಪಾಯ್ತು ಅನ್ನಿ, ನಾನೇ ನಿಮ್ಮ ಪಕ್ಕ ನಿಂತ್ಕೋತೀನಿ. ಆದ್ರೆ ಇಲ್ಲದ ಮನುಷ್ಯನನ್ನ ಹುಟ್ಟಿಸಿ, ಅವನಿಗೊಂದು ಮೀಸೆ ಬೇರೆ ಇಟ್ಟು, ತಪ್ಪಿಸ್ಕೊಳ್ಳೋಕೆ ನೋಡ್ತೀರಲ್ಲ, ಅದು ನನ್ನ ಗಂಡ ಅಂತ ಅನ್ನಿಸ್ತಿಲ್ಲ."

ಜೈಲಿನ ಮಾತು ಬಂದಾಗಲೂ ಅವನು ನಿಂತೇ ಇದ್ದ. ಈ ಮಾತಿಗೆ ಅವನು ಅಲ್ಲಿಯೇ ಮಡಿಸಿದ ಬಟ್ಟೆಯ ಮೇಲೆ ಕುಳಿತುಬಿಟ್ಟ. ನಿಜ ಹೇಳಿದರೆ ಹೆಂಡತಿಯ ಕಣ್ಣಿನಲ್ಲಿ ಹೇಡಿ, ಹೇಳದಿದ್ದರೆ ಸರ್ಕಾರದ ಕಣ್ಣಿನಲ್ಲಿ ಅಪರಾಧಿ. ಎರಡೂ ಕಣ್ಣಿಗೆ ಹೊಂದುವ ಕನ್ನಡಕ ಅವನ ಅಂಗಡಿಯಲ್ಲಿರಲಿಲ್ಲ.

ಮೂರನೆಯ ದಿನ ಬೆಳಿಗ್ಗೆ ಉಳಿದವರೆಲ್ಲ ಅಂಗಡಿಗೆ ಹೋದರೆ, ಅಲ್ಲಿ ಆಗಲೇ ಮಾವನ ಜೊತೆ ಅತ್ತೆ ಪೊರಕೆ ಹಿಡಿದು ನಿಂತಿದ್ದರು. ಸುಟ್ಟ ಮೂಲೆಯ ನೆಲ ಕನ್ನಡಿಯ ಹಾಗೆ ಹೊಳೆಯುತ್ತಿತ್ತು.

"ಅಯ್ಯೋ ಅತ್ತೆ! ಮುಟ್ಬೇಡಿ ಅಂದಿದ್ರಲ್ಲ!" ಎಂದ ಅಳಿಯ.

"ಆಫೀಸಿನ ಹೆಂಗಸು ಬರ್ತಾರೆ ಅಂದ್ರಿ. ಈ ಗಲೀಜಿನೊಳಗೆ ಕೂರಿಸೋದಾ? ನೋಡಿದವರು ಏನಂತಾರೆ?"

"ಅವರು ಬರೋದೇ ಗಲೀಜು ನೋಡೋಕೆ!"

"ಬಿಸಾಕಿಲ್ಲಪ್ಪ, ನಿಮ್ಮ ಮಾವ ಬಿಡಬೇಕಲ್ಲ" ಎಂದು ಅತ್ತೆ ಗೋಡೆಯ ಬದಿಗೆ ಕೈ ತೋರಿಸಿದರು. ಅಲ್ಲಿ ಏಳು ಕಾಗದದ ಪೊಟ್ಟಣಗಳು ಎತ್ತರದ ಪ್ರಕಾರ ಸಾಲಾಗಿ ಕುಳಿತಿದ್ದವು. ಒಂದೊಂದಕ್ಕೂ ಬೈಂಡಿಂಗ್ ದಾರ ಸುತ್ತಿ, ಎರಡು ಗಂಟು ಹಾಕಿ, ಮೇಲೆ ಮಾವನ ಗುಂಡಗಿನ ಅಕ್ಷರದ ಚೀಟಿ: ಮೂಲೆ ಬೂದಿ. ಕಿಟಕಿ ಬೂದಿ. ಮೇಜಿನ ಬೂದಿ. ಮೇಜಿನ ಕೆಳಗಿನ ಬೂದಿ, ಎಡ. ಮೇಜಿನ ಕೆಳಗಿನ ಬೂದಿ, ಬಲ.

ಅಷ್ಟರಲ್ಲಿ ತನಿಖೆಯ ಮೇಡಂ ಬಂದೇಬಿಟ್ಟರು. ಐವತ್ತರ ಆಸುಪಾಸಿನ, ಸಣ್ಣ ಆಕೃತಿಯ ಹೆಂಗಸು. ಕೈಯಲ್ಲಿ ಒಂದು ಜರಡಿ, ಒಂದು ಬ್ರಷ್ಷು, ಒಂದು ಭೂತಗನ್ನಡಿ. ಹೊಳೆಯುವ ನೆಲವನ್ನು ನೋಡಿದರು, ಪೊಟ್ಟಣಗಳನ್ನು ನೋಡಿದರು, ಸ್ವಲ್ಪ ಹೊತ್ತು ಕಣ್ಣು ಮುಚ್ಚಿಕೊಂಡರು.

"ಇಪ್ಪತ್ತೆರಡು ವರ್ಷದಲ್ಲಿ ಬೂದಿಗೆ ವಿಳಾಸ ಬರೆದವರನ್ನ ಇವತ್ತೇ ನೋಡಿದ್ದು" ಎಂದರು. "ಗುಡಿಸಿದ್ದಕ್ಕೆ ಬಯ್ಯಬೇಕು, ಚೀಟಿ ಹಾಕಿದ್ದಕ್ಕೆ ಹೊಗಳಬೇಕು. ಎರಡೂ ಆಮೇಲೆ."

ದರ್ಜಿ ಮುಂದೆ ಬಂದ. "ನಿಮಗ್ಯಾಕೆ ತೊಂದರೆ ಮೇಡಂ, ಶಾರ್ಟ್ ಸರ್ಕ್ಯೂಟು ಅಂತ ಬರೆದುಬಿಡಿ."

"ಶಾರ್ಟ್ ಆಗಿದೆ, ಸುಳ್ಳಲ್ಲ. ಬೆಂಕಿ ಬಂದು ವೈರಿನ ಹೊದಿಕೆ ಸುಟ್ರೆ ಎಂಥ ಒಳ್ಳೇ ವೈರಾದ್ರೂ ಶಾರ್ಟ್ ಆಗುತ್ತೆ. ಅದರಿಂದ ಬೆಂಕಿ ಬಂತಾ, ಬೆಂಕಿಯಿಂದ ಅದು ಬಂತಾ? ನೀವು ಯಾವುದನ್ನ ಮೊದ್ಲು ನೋಡಿದ್ರಿ?"

"ನಾನು... ಹೊಗೆ ನೋಡಿದೆ."

"ಆವಾಗ ಒಳಗೆ ದೀಪ ಉರೀತಿತ್ತಾ?"

ದರ್ಜಿ ಟೇಪನ್ನು ಬೆರಳಿಗೆ ಸುತ್ತಿಕೊಂಡು ಯೋಚಿಸಿದ. "ಉರೀತಿತ್ತು. ಹೊಗೆಯೊಳಗೆ ಕೆಂಪಗೆ ಕಾಣ್ತಿತ್ತು. ಆಮೇಲೆ ಟಪ್ ಅಂತ ಹೋಯ್ತು."

"ಅಂದ್ರೆ ಹೊಗೆ ಮೊದ್ಲು, ಟಪ್ ಆಮೇಲೆ" ಎಂದು ಮೇಡಂ ಬರೆದುಕೊಂಡರು. ನೂರಕ್ಕೆ ನೂರು ನೋಡಿದ್ದ ದರ್ಜಿ ತನ್ನ ಮಾತು ತನ್ನ ಮೇಲೆಯೇ ತಿರುಗಿದ್ದು ಗೊತ್ತಾಗದೆ ಹೆಮ್ಮೆಯಿಂದ ಸುತ್ತ ನೋಡಿದ.

ಆಮೇಲೆ ಅವರು ಒಂದು ಗಂಟೆ ಅಂಗಡಿಯನ್ನು ಇಂಚಿಂಚು ಜಾಲಾಡಿದರು. ಸ್ವಿಚ್ ಬೋರ್ಡಿನ ಮುಚ್ಚಳ ಬಿಚ್ಚಿ, ಒಳಗೆ ಇಣುಕಿ, ಆ ಮುಚ್ಚಳವನ್ನು ತಮ್ಮ ಚೀಲದ ಮೇಲೆ ಬೋರಲು ಹಾಕಿಟ್ಟರು. ನಡುವೆ ಒಮ್ಮೆ ಹೊರಗೆ ಹೋಗಿ ಫೋನಿನಲ್ಲಿ ಏನೋ ಮಾತಾಡಿ ಬಂದರು. ಷಡ್ಡಕ ಅಳಿಯನ ಕಿವಿಯಲ್ಲಿ, "ಪೊಲೀಸಿಗೆ" ಎಂದ. ಅತ್ತೆ ಹೊದಿಕೆಯ ಚೀಲವನ್ನು ಎದೆಗೆ ಅಪ್ಪಿಕೊಂಡರು.

ಕೊನೆಗೆ ಮೇಡಂ ಗೋಡೆಯ ಮುಂದೆ ನಿಂತರು. "ಈ ಮಸಿ ನೋಡಿ, ಬೀಸಣಿಗೆ ಬಿಚ್ಚಿದ ಹಾಗೆ ಮೇಲಕ್ಕೆ ಹೋಗ್ತಾ ಅಗಲ ಆಗಿದೆ. ಬೀಸಣಿಗೆಯ ಹಿಡಿ ಎಲ್ಲಿದೆಯೋ ಬೆಂಕಿ ಅಲ್ಲಿಂದ ಎದ್ದಿದೆ. ಸ್ವಿಚ್ ಬೋರ್ಡಿನ ಹತ್ರ ಅಲ್ಲ, ಇಲ್ಲಿದ್ದ ಮೇಜಿನ ಕೆಳಗೆ, ಬಲಕ್ಕೆ. ಬಲಗಡೆ ಬೂದಿ ಕೊಡಿ."

ಮಾವ ತಡಮಾಡದೆ ಆ ಪೊಟ್ಟಣ ಎತ್ತಿಕೊಟ್ಟರು. ತಮ್ಮ ವ್ಯವಸ್ಥೆ ಸರ್ಕಾರಕ್ಕೆ ಉಪಯೋಗಕ್ಕೆ ಬಂದದ್ದರಿಂದ ಅವರ ಮುಖ ಅರಳಿತ್ತು. ಜರಡಿಯಲ್ಲಿ ಬೂದಿ ಇಳಿದುಹೋಗಿ, ಮುಷ್ಟಿ ಗಾತ್ರದ ಒಂದು ಕಪ್ಪು ಉಂಡೆ ಉಳಿಯಿತು.

"ಇದೇನು?"

"ಅಂಟು ಕಾಯಿಸೋ ಕರೆಂಟ್ ಒಲೆಗೆ ಹಾಕಿದ್ದ ಎಕ್ಸ್‌ಟೆನ್ಷನ್ ವೈರು" ಎಂದರು ಮಾವ. "ಒಲೆ ಮೊದಲು ಪ್ಲಗ್ಗಿನ ಪಕ್ಕದಲ್ಲೇ ಇತ್ತು. ಹೋದ ತಿಂಗಳು ಮೇಜಿನ ಈಚೆಗೆ ತಂದೆ. ವೈರು ಐದು ಮೀಟರು, ಬೇಕಾಗಿದ್ದು ಒಂದು ಮೀಟರು."

"ಉಳಿದ ನಾಲ್ಕು ಮೀಟರು?"

ಮಾವನಿಗೆ ಆ ಪ್ರಶ್ನೆಯೇ ವಿಚಿತ್ರವೆನಿಸಿತು. "ಚೆಲ್ಲಾಪಿಲ್ಲಿ ಬಿಡೋಕಾಗುತ್ತಾ? ಬಿಗಿಯಾಗಿ ಸುತ್ತಿ, ದಾರ ಕಟ್ಟಿ, ಮೇಲೆ ಬಟ್ಟೆ ಪಟ್ಟಿ ಅಂಟಿಸಿ, ಕಾಗದದ ರಾಶಿ ಕೆಳಗೆ ಸೇರಿಸಿದ್ದೆ. ಎಷ್ಟು ಅಚ್ಚುಕಟ್ಟಾಗಿತ್ತು ಅಂತೀರಿ!"

ಮೇಡಂ ಉಂಡೆಯನ್ನು ಗರಗಸದಿಂದ ಎರಡು ಹೋಳು ಮಾಡಿ ಭೂತಗನ್ನಡಿ ಹಿಡಿದರು. "ಹೊರಗಿನಿಂದ ಬೆಂಕಿ ತಾಗಿದ್ರೆ ಹೊರಗೆ ಹೆಚ್ಚು ಸುಡಬೇಕು. ಇದು ಒಳಗೆ ಇದ್ದಿಲಾಗಿದೆ. ಒಲೆ ಉರಿಯೋವಾಗ ವೈರು ಬೆಚ್ಚಗಾಗುತ್ತೆ. ಬಿಡಿಸಿ ಹಾಕಿದ್ರೆ ಆ ಬಿಸಿ ಗಾಳಿಗೆ ಹೋಗ್ತಿತ್ತು. ಹೀಗೆ ಸುತ್ತಿ ಕಟ್ಟಿದ್ರೆ ಎಲ್ಲಿಗೆ ಹೋಗಬೇಕು? ದಿನಾ ಸ್ವಲ್ಪ ಸ್ವಲ್ಪ ಹೊದಿಕೆ ಕರಗಿದೆ. ಅವತ್ತು ಒಲೆ ಆರಿಸದೆ ಊಟಕ್ಕೆ ಹೋಗಿದ್ದೀರಿ." ಚಿಮಟದಿಂದ ಒಂದು ಚೂರು ದಾರವನ್ನು ಹೊರಗೆಳೆದರು. ಕರಗಿದ ಪ್ಲಾಸ್ಟಿಕ್ಕಿನೊಳಗೆ ಹುದುಗಿ ಉಳಿದುಕೊಂಡಿತ್ತು, ಎರಡು ಗಂಟಿನ ಸಮೇತ. ಅದನ್ನು ಪೊಟ್ಟಣದ ಗಂಟಿನ ಪಕ್ಕ ಇಟ್ಟರು. "ಈ ಗಂಟು ಯಾರದ್ದು?"

ಮಾವ ಮೇಲ್ಛಾವಣಿಯ ಕಡೆ ನೋಡಿದರು.

"ಇನ್ಯಾರದು?" ಎಂದರು ಅತ್ತೆ. "ನನ್ನ ಜಡೆಗೊಂದು ಅದನ್ನ ಹಾಕಿಲ್ಲ, ಅಷ್ಟೇ."

ಮಾವನ ಮುಖ ಸುಟ್ಟ ಗೋಡೆಗಿಂತ ಕಪ್ಪಗಾಯಿತು. ಅವರು ಮೂರು ದಿನ ಹೇಳದೆ ಹೇಳಿದ್ದೆಲ್ಲ ಈಗ ಅಂಗಡಿಯೊಳಗೆ ಗಿರಗಿರನೆ ತಿರುಗುತ್ತಿತ್ತು. ಅವರು, "ವರದಿಯಲ್ಲಿ ಅಜಾಗರೂಕತೆ ಅಂತ ಬರೀತೀರಾ?" ಎಂದು ಸಣ್ಣ ದನಿಯಲ್ಲಿ ಕೇಳಿದರು. "ಅತಿಯಾದ ಅಚ್ಚುಕಟ್ಟು ಅಂತ ಬರೆಯೋಕಾಗಲ್ವಾ?"

"ಅದಕ್ಕೆ ನಮ್ಮ ನಮೂನೆಯಲ್ಲಿ ಜಾಗ ಇಲ್ಲ" ಎಂದರು ಮೇಡಂ. "ಆದ್ರೆ ಒಂದು ಮಾತು ಬರೀತೀನಿ. ಈ ಅಂಗಡಿಯ ವೈರಿಂಗು ಮಾತ್ರ ಬಂಗಾರದಂಥದ್ದು. ಒಂದು ಜೋಡಣೆಯೂ ಸಡಿಲ ಇಲ್ಲ. ವೈರುಗಳು ಸುಟ್ಟು ತಾಗಿದ ತಕ್ಷಣ ಮೇನ್ ಸ್ವಿಚ್ಚು ತಾನಾಗಿ ಕರೆಂಟು ಕಡಿದಿದೆ, ಆ ಟಪ್ ಅನ್ನೋದು ಅದೇ. ಇಲ್ಲದಿದ್ರೆ ದರ್ಜಿಯವರ ಅಂಗಡಿಯೂ ಹೋಗ್ತಿತ್ತು. ಯಾರು ಮಾಡಿದ್ದು?"

ಅಷ್ಟೂ ಕೈಗಳು ಒಟ್ಟಿಗೆ ಅಳಿಯನ ಕಡೆ ಚಾಚಿದವು. ಮಾವ ಎರಡೇ ಹೆಜ್ಜೆಗೆ ಬಂದು ಅವನನ್ನು ತಬ್ಬಿಕೊಂಡರು. "ಅಳಿಯಂದ್ರೆ, ಎಂಥ ಮಾತು ಅಂದುಬಿಟ್ಟೆ ನಿಮಗೆ!" ದರ್ಜಿ ಕಣ್ಣು ಒರೆಸಿಕೊಂಡ. ಷಡ್ಡಕ ಮಾತ್ರ ಹಿಂದಿನಿಂದ, "ಲೈಸೆನ್ಸ್, ಲೈಸೆನ್ಸ್" ಎಂದು ಚಿವುಟುತ್ತಿದ್ದ.

ಮೇಡಂಗೆ ಅದು ಕೇಳಿಸಿತು. "ಲೈಸೆನ್ಸ್ ಇಲ್ಲದಿದ್ರೂ ಇಂಥ ಕೆಲಸಕ್ಕೆ ಒಂದು ಎಚ್ಚರಿಕೆ ಬರೆದು ಬಿಟ್ಟುಬಿಡ್ತೀನಿ. ಜೈಲೆಲ್ಲ ಇಲ್ಲ. ಹೇಳಿ, ನೀವೇನಾ?"

ಅಳಿಯ ಹೆಂಡತಿಯತ್ತ ನೋಡಿದ. ಮೂರು ದಿನದ ನಂತರ ಅವಳ ಮುಖದಲ್ಲಿ ಆ ಹಳೆಯ ಹೊಳಪು ಬಂದಿತ್ತು. ಒಂದು ಬಾರಿ ತಲೆಯಾಡಿಸಿದರೆ ಸಾಕಿತ್ತು. ನಾಚಿಕೊಂಡು ನೆಲ ನೋಡಿದರೂ ಸಾಕಿತ್ತು, ಅದರ ಅಭ್ಯಾಸವೂ ಇತ್ತು. ಅವನು ನೆಲ ನೋಡಲಿಲ್ಲ.

"ನಾನಲ್ಲ ಮೇಡಂ."

"ಎಂಥ ದೊಡ್ಡ ಗುಣ ನೋಡಿ!" ಎಂದರು ಮಾವ. "ನನ್ನ ಮಾನ ಉಳಿಸೋಕೆ ಹೊಗಳಿಕೆಯನ್ನೂ ಬೇಡ ಅಂತಿದ್ದಾರೆ."

"ಮಾವ, ಆವತ್ತೂ ನಿಜ ಹೇಳಿದೆ, ಇವತ್ತೂ ನಿಜ ಹೇಳ್ತಿದ್ದೀನಿ. ನನಗೆ ವೈರಿಂಗ್ ಬರಲ್ಲ. ಏನೂ ಬರಲ್ಲ. ಈ ಟೆಸ್ಟರಿನಲ್ಲಿ ದೀಪ ಎಲ್ಲಿ ಹತ್ತುತ್ತೆ ಅಂತಾನೂ ನನಗೆ ಗೊತ್ತಿಲ್ಲ."

ಎಲ್ಲರೂ ಮೆಚ್ಚಿ ನಕ್ಕರು. ಹೆಂಡತಿ ನಗಲಿಲ್ಲ. ಅವಳು ಹತ್ತಿರ ಬಂದು ಅವನ ಮುಖವನ್ನೇ ನೋಡಿದಳು.

"ಹಾಗಾದ್ರೆ ಆ ಮೀಸೆ ನಿಜವಾಗ್ಲೂ ಇದ್ದಾನಾ?"

"ಇದ್ದಾನೆ ಕಣೇ."

ಮೇಡಂ ಚೀಲದ ಮೇಲೆ ಬೋರಲು ಹಾಕಿದ್ದ ಮುಚ್ಚಳವನ್ನು ತಿರುಗಿಸಿ ಎಲ್ಲರ ಮುಂದೆ ಹಿಡಿದರು. ಒಳಮೈಯಲ್ಲಿ ಸೀಸದ ಕಡ್ಡಿಯಿಂದ ಯಾವ ವೈರು ಎಲ್ಲಿಗೆ ಎಂದು ಬರೆದು, ಕೆಳಗೆ ತಾರೀಖು, ಸಹಿ, ಲೈಸೆನ್ಸ್ ನಂಬರು. "ಒಳ್ಳೇ ಕೆಲಸಗಾರರು ಬರೆದಿಡ್ತಾರೆ. ನಮ್ಮ ಕಚೇರಿಯಲ್ಲಿ ಈ ನಂಬರು ಹುಡುಕಿಸಿ ಆಗಲೇ ಅವರ ಹತ್ರ ಮಾತಾಡಿದೆ. ಆದ್ರೂ ಇಲ್ಲಿದ್ದವರ ಬಾಯಲ್ಲಿ ಕೇಳಬೇಕು, ಅದು ನಿಯಮ." ಫೋನು ಹಚ್ಚಿ ಎಲ್ಲರಿಗೂ ಕೇಳಿಸುವಂತೆ ಹಿಡಿದರು. "ನೀವು ಆಗಲೇ ಹೇಳಿದ್ದನ್ನ ಇನ್ನೊಂದ್ಸಲ ಹೇಳಿ. ಈ ಕೆಲಸ ಮಾಡಿದಾಗ ಜೊತೆಗೆ ಯಾರಿದ್ರು?"

"ಆ ಬೈಂಡಿಂಗ್ ಅಂಗಡೀನಾ ಮೇಡಂ?" ಎಂದಿತು ದಪ್ಪ ದನಿ. ಮೀಸೆ ಕಾಣದಿದ್ದರೂ ಅದರ ಭಾರ ದನಿಯಲ್ಲಿತ್ತು. "ಒಬ್ಬರಿದ್ರು. ಕರೆಂಟ್ ತೆಗೆದಿದ್ವಲ್ಲ, ಆ ಹಿಂದಿನ ಕೋಣೆಗೆ ಕಿಟಕಿ ಬೇರೆ ಇಲ್ಲ. ಎರಡು ದಿನ ಪೂರ್ತಿ ಅವರೇ ಟಾರ್ಚ್ ಹಿಡ್ಕೊಂಡು ನಿಂತಿದ್ರು. ವೈರು ಅಂದ್ರೆ ಜೀವ ಹೋಗುವಷ್ಟು ಹೆದರ್ತಿದ್ರು ಪಾಪ, ಆದ್ರೆ ಕೈ ಒಂದ್ಸಲವೂ ಅಲ್ಲಾಡಲಿಲ್ಲ. ನಾನು ಕಣ್ಣು ತಿರುಗಿಸೋಕೆ ಮುಂಚೆ ಬೆಳಕು ಅಲ್ಲಿರ್ತಿತ್ತು. ನೂರಾರು ಮನೆ ಮಾಡಿದ್ದೀನಿ ಮೇಡಂ, ಅಂಥ ಟಾರ್ಚು ಹಿಡಿಯೋರು ಸಿಗಲಿಲ್ಲ. ಕೆಲಸ ಚೆನ್ನಾಗಿ ಬಂದಿದ್ರೆ ಅರ್ಧ ಅವರದ್ದು. ಸುಟ್ಟಿದ್ದನ್ನ ಸರಿ ಮಾಡೋಕೆ ನಾನೇ ಬರ್ತೀನಿ. ಅವರು ಇರ್ತಾರಾ?"

ಮಾವ ಅಳಿಯನ ಹೆಗಲ ಮೇಲಿದ್ದ ಕೈಯನ್ನು ತೆಗೆಯಲೋ ಬೇಡವೋ ಎಂದು ಯೋಚಿಸಿ, ಅಲ್ಲಿಯೇ ಬಿಟ್ಟರು. ಅಳಿಯ ಬಾಯಿ ತೆರೆದ, ಆದರೆ ಅದರಿಂದ ಈ ಬಾರಿ ಯಾವ ಮಾತೂ ಹೊರಬೀಳಲಿಲ್ಲ.

ಹೆಂಡತಿ ಮೇಡಂ ಕೈಯಿಂದ ಫೋನನ್ನು ತೆಗೆದುಕೊಂಡಳು.

"ಇರ್ತಾರೆ" ಎಂದಳು. "ನೀವು ಯಾವಾಗ ಬರ್ತೀರಿ ಹೇಳಿ, ಅವತ್ತಿಗೆ ರಜೆ ಹಾಕ್ತಾರೆ."